ಜೋಗದ ಫೋಟೊಗೆ ನೀರಿನ ಸದ್ದು: ಲಿನಕ್ಸ್‌ನಲ್ಲಿ ಎಸ್‌ಡಿಎಲ್2 ಜೋಡಿಸುವುದು ಹೀಗೆ

ಪರದೆಯ ಮೇಲೆ ಜೋಗದ ಫೋಟೊ, ಜೊತೆಗೆ ನೀರು ಧುಮುಕುವ ಸದ್ದು. ಸಿ ಭಾಷೆಯಲ್ಲಿ ಇಷ್ಟು ಮಾಡಲು ಎಸ್‌ಡಿಎಲ್ ಎಂಬ ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಸಾಕು. ವಿಂಡೊ, ಚಿತ್ರ, ಧ್ವನಿ, ಕೀಬೋರ್ಡ್ ಎಲ್ಲವನ್ನೂ ಅದೇ ನೋಡಿಕೊಳ್ಳುತ್ತದೆ. ಸ್ಯಾಮ್ ಲ್ಯಾಂಟಿಂಗಾ 1998ರಲ್ಲಿ ಇದನ್ನು ಶುರು ಮಾಡಿದರು. ಈಗ 3ನೇ ಆವೃತ್ತಿ ಬಂದಿದ್ದರೂ ಕಲಿಯುವವರಿಗೆ 2ನೆಯದೇ ಸಲೀಸು. ಪಾಠ, ಉದಾಹರಣೆಗಳು ಅದಕ್ಕೇ ಜಾಸ್ತಿ.

ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್‌ನಲ್ಲೇ ಟೈಪ್ ಮಾಡಿ. ಉಬುಂಟು, ಮಿಂಟ್ ಇರುವವರು ಮೊದಲು ಸುಡೊ ಆಪ್ಟ್ ಅಪ್‌ಡೇಟ್ ಕೊಡಿ. ನಂತರ:

ಸುಡೊ ಆಪ್ಟ್ ಇನ್‌ಸ್ಟಾಲ್ ಬಿಲ್ಡ್-ಎಸೆನ್ಷಿಯಲ್ ಪಿಕೆಜಿ-ಕಾನ್ಫಿಗ್ ಲಿಬ್‌ಎಸ್‌ಡಿಎಲ್2-ಡೆವ್ ಲಿಬ್‌ಎಸ್‌ಡಿಎಲ್2-ಇಮೇಜ್-ಡೆವ್ ಲಿಬ್‌ಎಸ್‌ಡಿಎಲ್2-ಮಿಕ್ಸರ್-ಡೆವ್

ಕೊನೆಯ ಎರಡು ಯಾಕೆ? ಎಸ್‌ಡಿಎಲ್2 ತಾನಾಗಿ ಓದುವುದು ಬಿಎಂಪಿ ಚಿತ್ರ, ವೇವ್ ಧ್ವನಿ ಮಾತ್ರ. ಮೊಬೈಲ್‌ನಲ್ಲಿ ತೆಗೆದ ಜೆಪೆಗ್ ಫೋಟೊ, ಎಂಪಿ3 ಸದ್ದು ಬೇಕಾದರೆ ಇಮೇಜ್, ಮಿಕ್ಸರ್ ಹಾಕಿಕೊಳ್ಳಲೇಬೇಕು. ಹೆಸರಿನ ತುದಿಯ ‘ಡೆವ್’ ಬಿಡಬೇಡಿ. ಕಂಪೈಲರ್‌ಗೆ ಬೇಕಾದ ಹೆಡರ್ ಫೈಲುಗಳು ಇರುವುದು ಅದರಲ್ಲೇ.

ಹೊಸನಗರ, ತೀರ್ಥಹಳ್ಳಿ ಕಡೆಯ ಮನೆಗಳಲ್ಲಿ ಮಳೆಗಾಲದ ನೆಟ್‌ವರ್ಕ್ ಗೊತ್ತೇ ಇದೆ ಅಲ್ವಾ? ಶಿವಮೊಗ್ಗಕ್ಕೆ ಲ್ಯಾಪ್‌ಟಾಪ್ ಒಯ್ದಾಗ ಇದೇ ಕಮಾಂಡ್‌ಗೆ --ಡೌನ್‌ಲೋಡ್-ಓನ್ಲಿ ಸೇರಿಸಿ ಓಡಿಸಿ. ಪ್ಯಾಕೇಜ್‌ಗಳು ಇಳಿದು ಹಾರ್ಡ್ ಡಿಸ್ಕ್‌ನಲ್ಲಿ ಕೂತಿರುತ್ತವೆ. ಮನೆಗೆ ಬಂದು ಆ ಪದ ತೆಗೆದು ಮತ್ತೆ ಓಡಿಸಿದರೆ ನೆಟ್ ಇಲ್ಲದೆಯೂ ಇನ್‌ಸ್ಟಾಲ್ ಆಗುತ್ತದೆ. ನಡುವೆ ಕರೆಂಟ್ ಹೋಗಿ ಕಂಪ್ಯೂಟರ್ ಆಫ್ ಆದರೆ ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ ಕೊಟ್ಟು ಅರ್ಧಕ್ಕೆ ನಿಂತದ್ದನ್ನು ಮುಗಿಸಿ.

ಇನ್ನು ಲಿಂಕಿಂಗ್, ಅಂದರೆ ನಮ್ಮ ಪ್ರೋಗ್ರಾಂಗೆ ಲೈಬ್ರರಿ ಜೋಡಿಸುವುದು. ಹೆಚ್ಚಿನವರು ಎಡವುವುದು ಇಲ್ಲೇ. ಇನ್‌ಸ್ಟಾಲ್ ಮಾಡಿದ ಮಾತ್ರಕ್ಕೆ ಸಿ ಕಂಪೈಲರ್ ಆದ ಜಿಸಿಸಿ ತಾನಾಗಿ ಲೈಬ್ರರಿ ಹುಡುಕಿಕೊಳ್ಳುವುದಿಲ್ಲ. ನಾವೇ ಹೇಳಬೇಕು. ನೀವು ಬರೆದ ಫೈಲಿನ ಹೆಸರು ಜೋಗ.ಸಿ ಎಂದಿಟ್ಟುಕೊಳ್ಳಿ. ಹೆಡರ್, ಲೈಬ್ರರಿ ಎಲ್ಲಿವೆ ಎಂದು ಜಿಸಿಸಿಗೆ ತಿಳಿಸುವುದು ಪಿಕೆಜಿ-ಕಾನ್ಫಿಗ್:

ಜಿಸಿಸಿ ಜೋಗ.ಸಿ -ಒ ಜೋಗ $(ಪಿಕೆಜಿ-ಕಾನ್ಫಿಗ್ --ಸಿಫ್ಲ್ಯಾಗ್ಸ್ --ಲಿಬ್ಸ್ ಎಸ್‌ಡಿಎಲ್2 ಎಸ್‌ಡಿಎಲ್2_ಇಮೇಜ್ ಎಸ್‌ಡಿಎಲ್2_ಮಿಕ್ಸರ್)

ಇಲ್ಲೊಂದು ಕಿರಿಕಿರಿ ಇದೆ. ಮೊದಲ ಎಸ್‌ಡಿಎಲ್2 ಸಣ್ಣ ಅಕ್ಷರದಲ್ಲಿ, ಉಳಿದೆರಡರ ಎಸ್‌ಡಿಎಲ್ ಮಾತ್ರ ದೊಡ್ಡ ಅಕ್ಷರದಲ್ಲಿ ಇರಬೇಕು. ಯಾಕೆ ಹೀಗಿಟ್ಟರೋ!

ಹೆಡರ್ ಫೈಲ್ ಇಲ್ಲ ಎಂದರೆ ಡೆವ್ ಪ್ಯಾಕೇಜ್ ಬಂದಿಲ್ಲ, ಇಲ್ಲವೇ ಸಿಫ್ಲ್ಯಾಗ್ಸ್ ಬಿಟ್ಟುಹೋಗಿದೆ. ‘ಅನ್‌ಡಿಫೈನ್ಡ್ ರೆಫರೆನ್ಸ್’ ಬಂದರೆ ಮತ್ತೆ ಇನ್‌ಸ್ಟಾಲ್ ಮಾಡುತ್ತ ಸುಮ್ನೆ ಹೊತ್ತು ಕಳೆಯಬೇಡಿ. ಅದು ಲಿಂಕರ್‌ನ ದೂರು. ಕಮಾಂಡ್‌ನಲ್ಲಿ ಲೈಬ್ರರಿಗಳು ಜೋಗ.ಸಿ ಆದಮೇಲೆ ಬಂದಿವೆಯೇ ನೋಡಿ. ಉಬುಂಟುವಿನ ಲಿಂಕರ್ ಎಡದಿಂದ ಬಲಕ್ಕೆ ಓದುತ್ತಾ, ಆವರೆಗೆ ಯಾರೂ ಕೇಳಿರದ ಲೈಬ್ರರಿಯನ್ನು ಕೈಬಿಟ್ಟು ಮುಂದೆ ಹೋಗುತ್ತದೆ.

ನಿಮ್ಮಲ್ಲಿ ಚೆನ್ನಾಗಿ ಓಡಿದ್ದು ಸ್ನೇಹಿತರ ಕಂಪ್ಯೂಟರ್‌ನಲ್ಲಿ ‘ಶೇರ್ಡ್ ಲೈಬ್ರರಿ’ ಸಿಗಲಿಲ್ಲ ಎಂದು ನಿಲ್ಲಬಹುದು. ಅಲ್ಲಿ ಎಲ್‌ಡಿಡಿ ./ಜೋಗ ಕೊಡಿ. ‘ನಾಟ್ ಫೌಂಡ್’ ಎಂದು ತೋರಿಸಿದ ಲೈಬ್ರರಿಗಳನ್ನಷ್ಟೇ ಹಾಕಿಸಿ. ಓಡಿಸುವುದಕ್ಕೆ ಮಾತ್ರವಾದರೆ ಅವರಿಗೆ ಡೆವ್ ಪ್ಯಾಕೇಜ್ ಬೇಕಿಲ್ಲ.