ದಾರಿ ಬದಲಿಸಿದರೆ ಸಾಲದು: ಚಿಪ್‌ನೊಳಗಿನ ದಟ್ಟಣೆ ನಿಭಾಯಿಸಿದ ನನ್ನ ಅನುಭವ

ಹಲವು ಸಂಸ್ಕರಣಾ ಘಟಕಗಳು (ಕೋರ್‌ಗಳು) ಒಟ್ಟಿಗಿರುವ ಬಹುಕೋರ್ ಚಿಪ್‌ನಲ್ಲಿ, ಅವುಗಳ ನಡುವಿನ ದತ್ತಾಂಶ ಸಂಚಾರದಲ್ಲಿ ದಟ್ಟಣೆ ಕಂಡಾಗ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ತುಂಬಿ ನಿಂತಿರುವುದು ದಾರಿಯೋ, ತಲುಪಬೇಕಾದ ಜಾಗವೋ? ಹೊರಗಿನ ಲಕ್ಷಣ ಎರಡಕ್ಕೂ ಒಂದೇ. ದತ್ತಾಂಶ ಕಾದು ನಿಲ್ಲುವ ಬಫರ್‌ಗಳು ಭರ್ತಿಯಾಗಿರುತ್ತವೆ, ವಿಳಂಬದ ಗೆರೆ ಇದ್ದಕ್ಕಿದ್ದಂತೆ ಮೇಲಕ್ಕೇರುತ್ತದೆ. ಮದ್ದು ಮಾತ್ರ ಬೇರೆ ಬೇರೆ.

ನಾನು ಕೆಲಸ ಮಾಡಿದ್ದು 8×8 ಮೆಶ್ ಜಾಲದ, ಅಂದರೆ ಚೌಕುಳಿಯಂತೆ ಹೆಣೆದ ಜಾಲದ ಮೇಲೆ. 64 ನೋಡ್‌ಗಳು (ಕೋರ್ ಅಥವಾ ಬೇರೆ ಘಟಕ ಕೂತಿರುವ ಜಾಗಗಳು), ಒಂದೊಂದಕ್ಕೂ ದಾರಿ ತೋರಿಸುವ ಒಂದು ರೂಟರ್. ಪ್ಯಾಕೆಟ್, ಅಂದರೆ ದತ್ತಾಂಶದ ಕಟ್ಟು, ಮೊದಲು ಅಡ್ಡಸಾಲಿನಲ್ಲಿ ಸಾಗಿ ಆಮೇಲೆ ಕಂಬಸಾಲಿಗೆ ತಿರುಗುತ್ತಿತ್ತು. ಇಂಥ ಜಾಲಗಳನ್ನು ಅನುಕರಿಸುವ ಬುಕ್‌ಸಿಮ್ ಸಿಮ್ಯುಲೇಟರ್ ತೆರೆಯುವ ಮುನ್ನ ಕಾಗದದ ಮೇಲೆ ಲೆಕ್ಕ ಹಾಕುವುದು ನನ್ನ ಪದ್ಧತಿ; ಅದನ್ನು ಬಿಟ್ಟವರು ಗ್ರಾಫ್‌ಗಳನ್ನು ನೋಡುತ್ತಾ ವಾರಗಟ್ಟಲೆ ಕೂರಬೇಕಾಗುತ್ತದೆ. ಎಲ್ಲರೂ ಎಲ್ಲರಿಗೂ ಸಮನಾಗಿ ಕಳುಹಿಸಿದರೆ, ಜಾಲವನ್ನು ನಡುವೆ ಎರಡಾಗಿ ಸೀಳಿದರೆ ಆ ಸೀಳನ್ನು ದಾಟುವ ಕೊಂಡಿಗಳ ಲೆಕ್ಕದಂತೆ ಪ್ರತಿ ನೋಡ್ ಒಂದು ಕ್ಲಾಕ್ ಸೈಕಲ್‌ಗೆ ಅರ್ಧ ಫ್ಲಿಟ್ (ಪ್ಯಾಕೆಟ್‌ನ ಒಂದು ತುಣುಕು) ಕಳುಹಿಸಬಹುದು. ಆದರೆ ತಲುಪಬೇಕಾದ ವಿಳಾಸದಲ್ಲಿ ಸಾಲಿನ ಸಂಖ್ಯೆಯೂ ಕಂಬದ ಸಂಖ್ಯೆಯೂ ಅದಲುಬದಲಾಗುವ ಟ್ರಾನ್ಸ್‌ಪೋಸ್ ಮಾದರಿಯಲ್ಲಿ, ಕೊನೆಯ ಸಾಲಿನ 7 ನೋಡ್‌ಗಳ ಸರಕೆಲ್ಲ ತಿರುಗುವ ಮುನ್ನ ಮೂಲೆಯ ಒಂದೇ ಕೊಂಡಿಯನ್ನು ದಾಟಬೇಕು. ಮಿತಿ ಸೈಕಲ್‌ಗೆ ಏಳರಲ್ಲೊಂದು ಫ್ಲಿಟ್‌ಗೆ ಇಳಿಯುತ್ತದೆ, ಅದೂ ಅಕ್ಕಪಕ್ಕದ ಕೊಂಡಿಗಳು ಖಾಲಿ ಬಿದ್ದಿರುವಾಗ. ಇದು ದಾರಿಯ ದಟ್ಟಣೆ. ಇದಕ್ಕೆ 2000ರಲ್ಲಿ ಪ್ರಕಟವಾದ ಆಡ್-ಈವನ್ ವಿಧಾನವನ್ನು ಬಳಸಿದೆ. ಕಂಬಸಾಲು ಸಮವೋ ಬೆಸವೋ ಎಂಬುದರ ಮೇಲೆ ಕೆಲವು ತಿರುವುಗಳನ್ನು ಅದು ನಿಷೇಧಿಸುತ್ತದೆ. ಹಾಗಾಗಿ ಪ್ಯಾಕೆಟ್‌ಗಳು ಒಂದನ್ನೊಂದು ಕಾಯುತ್ತಾ ಶಾಶ್ವತವಾಗಿ ಸಿಲುಕುವ ಡೆಡ್‌ಲಾಕ್ ಭಯವಿಲ್ಲದೆ ಬೇರೆ ದಾರಿ ಹಿಡಿಯಬಹುದು. ಉಳಿದ ದಾರಿಗಳಲ್ಲಿ ಯಾವ ಕಡೆ ಕ್ರೆಡಿಟ್ (ಮುಂದಿನ ಬಫರ್‌ನಲ್ಲಿರುವ ಖಾಲಿ ಜಾಗದ ಲೆಕ್ಕ) ಹೆಚ್ಚಿದೆಯೋ ಆ ಕಡೆಗೆ ಪ್ಯಾಕೆಟ್ ಕಳುಹಿಸಿದೆ. ಫಲ ಚೆನ್ನಾಗಿತ್ತು.

ಕೋರ್‌ಗಳ ಕೋರಿಕೆಗಳಿಗೆ ಮೆಮೊರಿಯಿಂದ ಉತ್ತರ ತಂದುಕೊಡುವ ಮೆಮೊರಿ ನಿಯಂತ್ರಕದ ಕಥೆಯೇ ಬೇರೆ. ಅಲ್ಲಿ ತುಂಬಿ ನಿಲ್ಲುವುದು ತಲುಪಬೇಕಾದ ಜಾಗ. ಪ್ರತಿ ನೋಡ್ ಸೈಕಲ್‌ಗೆ 0.1 ಫ್ಲಿಟ್ ಕಳುಹಿಸಿ, ಅದರಲ್ಲಿ ಶೇ. 20ರಷ್ಟು ಒಂದೇ ನಿಯಂತ್ರಕಕ್ಕೆ ಹೋಗುತ್ತದೆ ಎನ್ನೋಣ. 63 ನೋಡ್‌ಗಳಿಂದ 1.26 ಫ್ಲಿಟ್ ಬಂದು ಬೀಳುತ್ತದೆ, ಆದರೆ ಅಲ್ಲಿನ ಬಾಗಿಲು ಸೈಕಲ್‌ಗೆ ಒಂದನ್ನು ಮಾತ್ರ ಒಳಗೆ ಬಿಡುತ್ತದೆ. ಯಾವ ರೂಟಿಂಗ್ ವಿಧಾನವೂ ಈ ಲೆಕ್ಕವನ್ನು ಬದಲಿಸಲಾರದು. ಅಂತರ್ಜಾಲದ ರೂಟರ್ ಇಂಥ ಹೊತ್ತಿನಲ್ಲಿ ಪ್ಯಾಕೆಟ್‌ಗಳನ್ನು ಕೈಬಿಡುತ್ತದೆ. ನಮ್ಮ ಜಾಲದಲ್ಲಿ ಅದಕ್ಕೆ ಅವಕಾಶವಿಲ್ಲ, ಎಲ್ಲವೂ ನಿಂತಲ್ಲೇ ಕಾಯಬೇಕು. ಫ್ಲಿಟ್‌ಗಳು ಒಂದರ ಹಿಂದೊಂದು ಸಾಲಾಗಿ ಸಾಗುವ ಇಂಥ ವರ್ಮ್‌ಹೋಲ್ ಜಾಲದಲ್ಲಿ ಕಾಯುವ ಪ್ಯಾಕೆಟ್ ಹಲವು ರೂಟರ್‌ಗಳ ಬಫರ್‌ಗಳಲ್ಲಿ ಮೈಚಾಚಿ ಮಲಗಿರುತ್ತದೆ. ಅದಕ್ಕೆ ಬೇರೆ ದಾರಿಗಳನ್ನೂ ತೆರೆದುಕೊಟ್ಟರೆ, ಮೆಮೊರಿಯ ಗೊಡವೆಯೇ ಇಲ್ಲದ ಪ್ಯಾಕೆಟ್‌ಗಳ ದಾರಿಗೂ ಅದು ಅಡ್ಡ ಬೀಳುತ್ತದೆ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಅನ್ಯಾಯದ ಹಂಚಿಕೆ. ಪ್ರತಿ ರೂಟರ್ ತನ್ನ ನೋಡ್‌ಗೂ ಹಿಂದಿನಿಂದ ಬಂದ ಸಾಲಿಗೂ ಸರದಿಯಂತೆ ಸಮಪಾಲು ಕೊಡುತ್ತದೆ. ಆದರೂ ಒಂದೇ ಸಾಲಿನಲ್ಲಿ ನಿಯಂತ್ರಕಕ್ಕೆ ಹತ್ತಿರದ ನೋಡ್‌ಗೆ ಅರ್ಧ, ಅದರಾಚೆಯದಕ್ಕೆ ಕಾಲು, ಇನ್ನೂ ಆಚೆಗೆ ಅರೆಕಾಲು. ಕಾಲುವೆಯ ಕೊನೆಯ ರೈತನ ಪಾಡು ದೂರದ ಕೋರ್‌ನದು. ಹೆಚ್ಚು ಕಾದ ಪ್ಯಾಕೆಟ್‌ಗೆ ಆದ್ಯತೆ ಕೊಟ್ಟರೆ ಇದು ಸರಿಹೋಗುತ್ತದೆ. ಆದರೆ ಪ್ರತಿ ಪ್ಯಾಕೆಟ್ ತನ್ನ ವಯಸ್ಸನ್ನು ಹೊತ್ತು ಸಾಗಬೇಕು, ಪ್ರತಿ ರೂಟರ್ ಅದನ್ನು ಹೋಲಿಸಬೇಕು. ನಮ್ಮ ಕ್ಲಾಕ್ ವೇಗದಲ್ಲಿ ಆ ಹೋಲಿಕೆಗೆ ಸಮಯ ಸಾಲಲಿಲ್ಲ.

ಆದ್ದರಿಂದ ಹರಿವನ್ನು ಮೂಲದಲ್ಲೇ ತಡೆಯುವ ದಾರಿ ಹಿಡಿದೆ. ಪ್ರತಿ ಕೋರ್‌ನ ಜಾಲಸಂಪರ್ಕ ಘಟಕದಲ್ಲಿ, ನಿಯಂತ್ರಕದಿಂದ ಇನ್ನೂ ಉತ್ತರ ಬರದ ಕೋರಿಕೆಗಳಿಗೆ ಒಂದು ಮಿತಿ ಇಟ್ಟೆ. ನಿಯಂತ್ರಕದ ಮುಂದೆ ಕಾಯುವ ಕೋರಿಕೆಗಳ ಸಾಲು, ಅಂದರೆ ಸರದಿ, ಮೇಲಿನ ಗುರುತನ್ನು ಮುಟ್ಟಿದರೆ ಒಂದು ಬಿಟ್‌ನ ಸೂಚನೆ ಎಲ್ಲ ಕೋರ್‌ಗಳಿಗೂ ಹೋಗುತ್ತದೆ, ಮಿತಿ ಅರ್ಧಕ್ಕಿಳಿಯುತ್ತದೆ. ಸರದಿ ಕೆಳಗಿನ ಗುರುತಿಗೆ ಇಳಿದ ಮೇಲೆ ಮಿತಿ ಒಂದೊಂದಾಗಿ ಏರುತ್ತದೆ. ಗುರುತು ಎರಡಿರಲೇಬೇಕು. ಮೂಲೆಯಿಂದ ಮೂಲೆಗೆ 14 ಹೆಜ್ಜೆ. ಸೂಚನೆ ತಲುಪುವಷ್ಟರಲ್ಲಿ ಪರಿಸ್ಥಿತಿ ಬದಲಾಗಿರುತ್ತದೆ. ಒಂದೇ ಗುರುತಿದ್ದರೆ ಇಡೀ ಜಾಲ ತುಂಬುವುದು, ಬರಿದಾಗುವುದು ಎಂದು ತೂಗಾಡುತ್ತಿರುತ್ತದೆ. ಮೆಮೊರಿಗೆ ಹೋಗುವ ಸರಕಿಗೆ ಬೇರೆಯೇ ವರ್ಚುವಲ್ ಚಾನೆಲ್ (ಅದೇ ಕೊಂಡಿಗೆ ಪ್ರತ್ಯೇಕ ಬಫರ್) ಕೊಟ್ಟಿದ್ದರಿಂದ ಉಳಿದ ಸಂಚಾರ ಸಲೀಸಾಯಿತು.

ಡಿಸ್‌ಪ್ಲೇ ಘಟಕವನ್ನು ಈ ತಡೆಯಿಂದ ಹೊರಗಿಟ್ಟೆ. ಅದಕ್ಕೆ ದತ್ತಾಂಶ ತಡವಾದರೆ ಪರದೆ ಮಿಣುಕುತ್ತದೆ. ಎರಡು ಗುರುತುಗಳ ಎತ್ತರವನ್ನು ಮಾತ್ರ ಯಾದೃಚ್ಛಿಕ ಸಂಚಾರದಿಂದ ನಿರ್ಧರಿಸಬೇಡಿ. ನಿಜವಾದ ಕೋರ್‌ಗಳು ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಒಟ್ಟಿಗೇ ಸುರಿಯುತ್ತವೆ. ನಿಮ್ಮ ಅನ್ವಯ (ಪ್ರೋಗ್ರಾಂ) ಓಡುವಾಗ ದಾಖಲಿಸಿದ ಸಂಚಾರವನ್ನೇ ಸಿಮ್ಯುಲೇಟರ್‌ಗೆ ಹರಿಸಿ, ಅತ್ಯಂತ ಕೆಟ್ಟ ಸುರಿತದ ವೇಳೆ ಸರದಿ ಎಲ್ಲಿಯವರೆಗೆ ಏರುತ್ತದೆ ಎಂದು ನೋಡಿದ ಮೇಲೆ ಮೇಲಿನ ಗುರುತು ಇಡಿ.