ಲೇಕ್ ಮೀಡ್ ದಡದಲ್ಲಿ ಮೀಸೆಮೀನಿಗೆ ಗಾಳ

ಮೊದಲ ಮೂರು ರಾತ್ರಿ ಬರಿಗೈಯಲ್ಲೇ ಮನೆಗೆ ಬಂದೆ. ತಪ್ಪು ಮೀನಿನದ್ದಲ್ಲ, ನನ್ನ ಕೈಯದ್ದು. ಹೊಸಪೇಟೆಯ ಕಾಲುವೆಯಲ್ಲಿ ಬೆಂಡು ಮುಳುಗಿದ ಕ್ಷಣವೇ ಗಾಳ ಜಗ್ಗಿ ಬೆಳೆದ ಕೈ ಇದು. ಕೆಲಸಕ್ಕೆಂದು ಲಾಸ್ ವೇಗಾಸ್‌ಗೆ ಬಂದ ಮೇಲೂ ಚಾಳಿ ಬಿಟ್ಟಿರಲಿಲ್ಲ.

ನೆವಾಡ ರಾಜ್ಯದ ಮೀನು ಹಿಡಿಯುವ ಲೈಸೆನ್ಸ್ ಮಾಡಿಸಿಕೊಂಡು, ಲೇಕ್ ಮೀಡ್‌ನ ಕಾಲ್‌ವಿಲ್ ಬೇ ಎಂಬ ಕೊಲ್ಲಿಯ ಕಡೆ ಹಿಂದಿನ ವರ್ಷ ಗುರುತು ಮಾಡಿಟ್ಟಿದ್ದ ಜಾಗಕ್ಕೆ ಹೋದರೆ ಅಲ್ಲಿ ನೀರೇ ಇಲ್ಲ. ನಾನು ನಿಂತು ಗಾಳ ಎಸೆದಿದ್ದ ಬಂಡೆ ಈಗ ಗುಡ್ಡದ ಮೇಲೆ! ಲೇಕ್ ಮೀಡ್ ಅಂದರೆ ಹೂವರ್ ಡ್ಯಾಂನ ಹಿನ್ನೀರು. ಡ್ಯಾಂ ಮುಗಿದಿದ್ದು 1935ರಲ್ಲಿ. ಕೊಲೊರಾಡೊ ನದಿಯ ಈ ಹಿನ್ನೀರು ಕೊನೆಯ ಸಲ ಕೋಡಿ ಹರಿದಿದ್ದು 1983ರಲ್ಲಿ. ತುಂಬಿದರೆ ಸಮುದ್ರಮಟ್ಟದಿಂದ 1,220 ಅಡಿ ದಾಟುವ ನೀರು 2022ರ ಜುಲೈನಲ್ಲಿ ಸುಮಾರು 1,040ಕ್ಕೆ ಕುಸಿದಿತ್ತು. ಹಂಡೆಯೊಳಗೆ ಗಡಸು ನೀರಿನ ಕರೆ ಕಟ್ಟುತ್ತಲ್ಲ, ಹಾಗೆ ಬಂಡೆಗಳಿಗೆಲ್ಲ ಬಿಳಿ ಪಟ್ಟೆ. ಹಾಗಾಗಿ ಹಳೆಯ ಗುರುತು ನಂಬುವುದನ್ನು ಬಿಟ್ಟೆ. ಬಿಸಿಲು ಇಳಿಯುವ ಮುಂಚೆಯೇ ಹೋಗಿ ದಡ ನೋಡಿಕೊಳ್ಳುತ್ತೇನೆ. ಒಣ ಹಳ್ಳ ಬಂದು ನೀರಿಗೆ ಸೇರುವ ಮೂಲೆ, ಪಕ್ಕದಲ್ಲಿ ಕಲ್ಲಿನ ರಾಶಿ ಇದ್ದರೆ ಸಾಕು. ಹಳ್ಳದೊಳಗೆ ಮಾತ್ರ ಚಾಪೆ ಹಾಸಬೇಡಿ. ಜುಲೈ, ಆಗಸ್ಟ್‌ನಲ್ಲಿ ಎಲ್ಲೋ ದೂರದಲ್ಲಿ ಸುರಿದ ಮಳೆ ಗೋಡೆಯ ಹಾಗೆ ನುಗ್ಗಿ ಬರುತ್ತದೆ.

ಹಗಲು 43 ಡಿಗ್ರಿ ದಾಟುವ ಊರು. ಬೇಸಿಗೆಯಲ್ಲಿ ಚಾನೆಲ್ ಕ್ಯಾಟ್‌ಫಿಶ್ ಎಂಬ ಇಲ್ಲಿನ ಮೀಸೆಮೀನು ದಡದ ಹತ್ತಿರ ಮೇಯಲು ಬರುವುದು ಕತ್ತಲಾದ ಮೇಲೆ. ನಮ್ಮ ಮುರುಗೋಡಿನ ದೂರದ ನೆಂಟ. ಮೀಸೆ ಇದೆ, ಹುರುಪೆ ಇಲ್ಲ, ಬಾಲ ಕವಲು. ಮೀಸೆಯಲ್ಲಷ್ಟೇ ಅಲ್ಲ, ಇಡೀ ಮೈಮೇಲೆ ರುಚಿ ಗ್ರಹಿಸುವ ಮೊಗ್ಗುಗಳಿವೆ. ಅದಕ್ಕೇ ಕತ್ತಲಲ್ಲೂ ವಾಸನೆಯ ಎರೆ ಹುಡುಕಿಕೊಂಡು ಬರುತ್ತದೆ. ನಾನು ಬಳಸುವುದು ಐಸಿನಲ್ಲಿಟ್ಟ ಆಂಚೊವಿ ಎಂಬ ಸಣ್ಣ ಸಮುದ್ರಮೀನು, ಇಲ್ಲವೇ ಕೋಳಿ ಲಿವರ್. ಲಿವರ್ ಶಾಖಕ್ಕೆ ಲೊಳಲೊಳ ಆಗಿ, ಎಸೆದ ಕೂಡಲೇ ಕಳಚಿ ಇನ್ನೊಂದು ದಿಕ್ಕಿಗೆ ಹಾರುತ್ತದೆ. ಕೊನೆಗೆ ಹೊಲಿಗೆ ದಾರ ತಂದೆ. ಅಮ್ಮ ಮಲ್ಲಿಗೆ ಕಟ್ಟುವ ಹಾಗೆ ಎರಡು ಸುತ್ತು, ಒಂದು ಬಿಗಿ, ಮತ್ತೆ ಎರಡು ಸುತ್ತು. ಈಗ ಕೊಕ್ಕೆ ಬಿಟ್ಟು ಅಲ್ಲಾಡುವುದಿಲ್ಲ.

ದಾರ 20 ಪೌಂಡಿನ ಎಳೆತ ತಾಳುವಂಥದ್ದು. ಅದರ ಮೇಲೆ ಜಾರಾಡುವ ಒಂದು ಔನ್ಸಿನ ಸೀಸ, ಕೆಳಗೆ ಒಂದೂವರೆ ಅಡಿ ದಾರದ ತುಂಡು, ತುದಿಗೆ ಸರ್ಕಲ್ ಹುಕ್, ಅಂದರೆ ಮೊನೆ ಒಳಮುಖವಾಗಿ ಬಾಗಿದ ಕೊಕ್ಕೆ. ಕ್ವಾಗಾ ಎಂಬ ಚಿಪ್ಪಿನ ಜೀವಿ 2007ರಲ್ಲಿ ಇಲ್ಲಿ ಮೊದಲು ಕಂಡಿತು. ಈಗ ಬಂಡೆಗಳ ತುಂಬ ಅದೇ. ಚಿಪ್ಪು ಬ್ಲೇಡಿನಂತಿದ್ದು ದಾರ ಸವೆಸುತ್ತದೆ. ಪ್ರತಿ ಸಲ ಎಳೆದಾಗ ಕೊನೆಯ ಮೂರಡಿಯನ್ನು ಬೆರಳಲ್ಲಿ ಸವರಿ ನೋಡುತ್ತೇನೆ. ತರಿತರಿ ಅನ್ನಿಸಿದರೆ ಕತ್ತರಿಸಿ ಹೊಸದಾಗಿ ಕಟ್ಟುತ್ತೇನೆ.

ಇನ್ನು ಕೈಯ ವಿಷಯ. ಸರ್ಕಲ್ ಹುಕ್ಕನ್ನು ಜಗ್ಗಬಾರದು. ಮೀನು ಎರೆ ಬಾಯಿಗಿಟ್ಟು ತಿರುಗಿ ಹೊರಟಾಗ, ಅದು ತಾನೇ ಜಾರಿ ಬಾಯಿಯ ಅಂಚಿಗೆ ಸಿಕ್ಕಿಕೊಳ್ಳುತ್ತದೆ. ನಾನೋ, ಕೋಲಿನ ತುದಿ ಟಕ್ ಅಂದ ಕೂಡಲೇ ಜಗ್ಗಿ, ಮೂರು ರಾತ್ರಿಯೂ ಮೀನಿನ ಬಾಯಿಂದ ಎರೆ ಕಿತ್ತುಕೊಂಡೆ. ನಾಲ್ಕನೆಯ ರಾತ್ರಿ ಕೋಲನ್ನು ಕಲ್ಲುಗಳ ನಡುವೆ ಸಿಗಿಸಿ, ಎರಡೂ ಕೈ ತೊಡೆಯ ಕೆಳಗಿಟ್ಟು ಕೂತೆ. ಹನ್ನೊಂದರ ಸುಮಾರಿಗೆ ಟಕ್. ಟಕ್ ಟಕ್. ಕೂತೇ ಇದ್ದೆ. ಆಮೇಲೆ ಕೋಲು ನಿಧಾನಕ್ಕೆ ಬಾಗುತ್ತ ಬಾಗುತ್ತ ನೀರಿನತ್ತ ಹೋಯಿತು, ರೀಲು ಕಿರ್ರೆಂದಿತು. ಆಗ ಎತ್ತಿಕೊಂಡು ಸುಮ್ಮನೆ ಸುತ್ತಿದೆ.

ನಾಲ್ಕು ಪೌಂಡ್ ಇದ್ದಿರಬಹುದು. ಆಮೇಲೆ ಬಂದ ಅಂಗೈಯುದ್ದದ ಮರಿಯನ್ನು ಸಸಾರ ಮಾಡಿದ್ದಕ್ಕೆ ಹೆಬ್ಬೆರಳಿಗೆ ಮುಳ್ಳು ಹೊಕ್ಕಿತು. ಬೆನ್ನಿಗೊಂದು, ಕಿವಿರಿನ ಹಿಂದೆ ಎರಡೂ ಬದಿಗೊಂದೊಂದು ಮುಳ್ಳು. ಮರಿಗಳದ್ದೇ ಹೆಚ್ಚು ಚೂಪು, ಸ್ವಲ್ಪ ನಂಜು ಬೇರೆ. ಬಿಸಿನೀರಲ್ಲಿ ಬೆರಳಿಟ್ಟುಕೊಂಡು ಬೆಳಗು ಮಾಡಿದೆ. ಈಗ ಹೊಟ್ಟೆಯ ಕೆಳಗಿಂದ ಅಂಗೈ ಕೊಟ್ಟು, ಪಕ್ಕದ ಮುಳ್ಳುಗಳ ಹಿಂದಕ್ಕೆ ಬೆರಳು ಬರುವಂತೆ ಹಿಡಿಯುತ್ತೇನೆ.

ದೊಡ್ಡದನ್ನು ನೀರಿಗೇ ಬಿಡುತ್ತೇನೆ, ಎರಡು ಮೂರು ಪೌಂಡಿನದ್ದೇ ರುಚಿ. ಚರ್ಮವನ್ನು ಇಕ್ಕಳದಲ್ಲಿ ಹಿಡಿದು ಸುಲಿದು, ಅರಿಶಿನ ಉಪ್ಪು ಸವರಿಟ್ಟು, ಹುಣಸೆಹುಳಿ ಮುಂದಾಗಿ ಸಾರು ಮಾಡಿದರೆ ಕೆಸರು ವಾಸನೆ ಸುಳಿಯುವುದಿಲ್ಲ. ಜೊತೆಗೆ ಮುದ್ದೆಯೋ ರೊಟ್ಟಿಯೋ ಅನ್ನುವ ಜಗಳ ನಮ್ಮ ಮನೆಯಲ್ಲಿ ಇನ್ನೂ ಮುಗಿದಿಲ್ಲ.