ಸಿಟಿ ಬಸ್ ನಿಂತಾಗ: ಡ್ರೈವರ್, ಕಂಡಕ್ಟರ್‌ಗೆ ಬಾಕಿ ಕೊಡಿಸುವುದು ಹೇಗೆ?

ಮಂಗಳೂರು, ಉಡುಪಿಯಂಥ ಊರುಗಳಲ್ಲಿ ಸಿಟಿ ಬಸ್ಸುಗಳು ಬಹುಪಾಲು ಖಾಸಗಿಯವರವು. ಒಂದು ಸಂಸ್ಥೆ ಬಾಗಿಲು ಹಾಕಿತೆಂದರೆ ಅಕ್ಕಿ-ಬೇಳೆ ಕೊಡಲು ಜನ ಬರುತ್ತಾರೆ. ಅದೂ ಬೇಕು. ಆದರೆ ಹಳೆಯ ಕಾರ್ಮಿಕರಿಗೆ ಕಾನೂನಿನಂತೆ ಸಲ್ಲಬೇಕಾದ ಹಣವೇ ಲಕ್ಷ ದಾಟಿರುತ್ತದೆ. ಅದನ್ನು ಕೊಡಿಸಲು ಜೊತೆಗೆ ನಿಲ್ಲುವುದೇ ದೊಡ್ಡ ನೆರವು.

ಮೊದಲ ವಾರ ದಾಖಲೆ ಕೂಡಿಸಿ. ಬಸ್ ಮಾರಾಟವಾದ ಮೇಲೆ ಕಾಗದ ಸಿಗುವುದಿಲ್ಲ. ಟ್ರಿಪ್ ಶೀಟ್, ಟಿಕೆಟ್ ಮೆಷಿನ್‌ನ ದಿನದ ಕಲೆಕ್ಷನ್ ಚೀಟಿ, ಡ್ರೈವರ್ ಹೆಸರಿರುವ ಪೊಲೀಸ್ ದಂಡದ ರಸೀದಿ, ವಾಟ್ಸ್‌ಆ್ಯಪ್‌ನಲ್ಲಿ ಬಂದ ಡ್ಯೂಟಿ ಪಟ್ಟಿ, ಎಲ್ಲದರ ಫೋಟೊ ತೆಗೆದಿಡಿ. ಮೆಷಿನ್ ಚೀಟಿಯ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತದೆ, ಅದು ಮೊದಲು. ನೇಮಕಾತಿ ಪತ್ರವಿಲ್ಲದೆ ಕೈಗೆ ಸಂಬಳ ಪಡೆದವರು ಒಂದು ವರ್ಷದ ಸೇವೆಯೆಂದು ಲೆಕ್ಕಕ್ಕೆ ಬರಲು ಬೇಕಾದ 240 ದಿನ ದುಡಿದದ್ದನ್ನು ತೋರಿಸಲು ಇವೇ ಸಾಕ್ಷಿ.

ಕಾರ್ಮಿಕರು ರಾಜೀನಾಮೆಗೆ ಸಹಿ ಹಾಕಲು ಬಿಡಬೇಡಿ. ‘ಲೆಕ್ಕ ಬೇಗ ಮುಗಿಸೋಣ, ಸ್ವಂತ ಇಚ್ಛೆಯಿಂದ ಬಿಟ್ಟೆ ಅಂತ ಬರೆದುಕೊಡು’ ಎಂದು ಮಾಲೀಕರು ಹೇಳುವುದುಂಟು. ಹಾಗೆ ಬರೆದುಕೊಟ್ಟರೆ ಮುಚ್ಚುವಿಕೆಯ ಪರಿಹಾರವೂ ಇಎಸ್ಐ (ಕಾರ್ಮಿಕರ ರಾಜ್ಯ ವಿಮೆ) ನಿರುದ್ಯೋಗ ಭತ್ಯೆಯೂ ಕೈತಪ್ಪುತ್ತವೆ.

ಆಮೇಲೆ ಲೆಕ್ಕ. ತಿಂಗಳಿಗೆ 18,000 ರೂಪಾಯಿ ವೇತನದಲ್ಲಿ 12 ವರ್ಷ ದುಡಿದ ಕಂಡಕ್ಟರ್ ಎಂದುಕೊಳ್ಳಿ. ಗ್ರಾಚ್ಯುಟಿಗೆ, ಅಂದರೆ ದೀರ್ಘ ಸೇವೆಗಾಗಿ ಕೆಲಸ ಬಿಡುವಾಗ ಸಲ್ಲುವ ಹಣಕ್ಕೆ, ವೇತನವನ್ನು 26ರಿಂದ ಭಾಗಿಸಿ, 15ರಿಂದಲೂ ವರ್ಷಗಳಿಂದಲೂ ಗುಣಿಸಬೇಕು: ಸುಮಾರು 1,24,615 ರೂಪಾಯಿ. ಮುಚ್ಚುವಿಕೆಯ ಪರಿಹಾರ ವರ್ಷಕ್ಕೆ 15 ದಿನದ ವೇತನ, ಅಂದರೆ ಇನ್ನೂ 1,08,000. ಒಂದನ್ನು ಕೊಟ್ಟು ‘ಎಲ್ಲ ಮುಗಿಯಿತು’ ಎನ್ನುವುದೇ ಹೆಚ್ಚು. ಇವೆರಡೂ ಬೇರೆ ಬೇರೆ ಹಕ್ಕುಗಳು. ಅನಿವಾರ್ಯ ಕಾರಣಕ್ಕೆ ಮುಚ್ಚಿದರೆ ಪರಿಹಾರ ಮೂರು ತಿಂಗಳ ವೇತನ ಮೀರುವುದಿಲ್ಲ, ನಿಜ. ಆದರೆ ಬರೀ ನಷ್ಟವನ್ನು ಕಾನೂನು ಅನಿವಾರ್ಯ ಕಾರಣವೆಂದು ಒಪ್ಪುವುದಿಲ್ಲ. ಬಾಕಿ ಸಂಬಳವಂತೂ ಎರಡು ಕೆಲಸದ ದಿನಗಳೊಳಗೆ ಬರಬೇಕು.

ಗ್ರಾಚ್ಯುಟಿಗೆ ಸಂಸ್ಥೆಯಲ್ಲಿ 10 ಮಂದಿ ಇರಬೇಕು, ಸಾಮಾನ್ಯವಾಗಿ ಐದು ವರ್ಷದ ಸೇವೆ ಆಗಿರಬೇಕು. ಬಸ್ಸುಗಳು ಹೆಂಡತಿ, ತಮ್ಮನ ಹೆಸರಿನಲ್ಲಿ ಹಂಚಿಹೋಗಿದ್ದರೆ ಒಬ್ಬೊಬ್ಬರ ಹೆಸರಿನಡಿ ಆರೇಳು ಕಾರ್ಮಿಕರಷ್ಟೇ ಕಾಣುತ್ತಾರೆ. ಒಂದೇ ಗ್ಯಾರೇಜು, ಒಂದೇ ಕ್ಯಾಷಿಯರ್, ಈ ಬಸ್ಸಿನವರನ್ನು ಆ ಬಸ್ಸಿಗೆ ಹಾಕಿದ ಡ್ಯೂಟಿ ಪಟ್ಟಿ ತೋರಿಸಿ, ಎಲ್ಲವೂ ಒಂದೇ ಸಂಸ್ಥೆ ಎಂದು ವಾದಿಸಿ. ಅರ್ಜಿ ಒಬ್ಬೊಬ್ಬರದೂ ಬೇರೆಯಿರಲಿ, ಆದರೆ ಕಾರ್ಮಿಕ ಇಲಾಖೆಗೆ ಒಟ್ಟಿಗೆ ಹೋಗಿ, ದಿನಾಂಕದ ಮೊಹರು ಬಿದ್ದ ಸ್ವೀಕೃತಿ ಪಡೆದೇ ಹೊರಡಿ.

ಪಿಎಫ್‌ನಲ್ಲಿ (ಭವಿಷ್ಯ ನಿಧಿ) ಕ್ಲೇಮ್ ಸಿಕ್ಕಿಬೀಳುವುದು ಹೆಚ್ಚಾಗಿ ಎರಡು ಕಡೆ: ಆಧಾರ್‌ನಲ್ಲಿ ಒಂದು ಹೆಸರು, ಯುಎಎನ್‌ನಲ್ಲಿ (ಸದಸ್ಯರ ಪಿಎಫ್ ಗುರುತಿನ ಸಂಖ್ಯೆ) ಇನ್ನೊಂದು ಇರುವುದು, ಕೆಲಸ ಬಿಟ್ಟ ದಿನಾಂಕವನ್ನು ಮಾಲೀಕರು ನಮೂದಿಸದಿರುವುದು. ಕೊನೆಯ ವಂತಿಗೆಯಾಗಿ ಎರಡು ತಿಂಗಳಾದ ಮೇಲೆ ಆ ದಿನಾಂಕವನ್ನು ಪೋರ್ಟಲ್‌ನಲ್ಲಿ ಸದಸ್ಯರೇ ತುಂಬಬಹುದು.

ಇಎಸ್ಐ ಕಾರ್ಡ್ ಎಸೆಯಬೇಡಿ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ವಂತಿಗೆಗೆ ಸಿಗುವ ಸೌಲಭ್ಯದ ಅವಧಿ ಮುಂದಿನ ಜನವರಿಯಿಂದ ಜೂನ್‌. ಬಸ್ ನಿಂತ ಮೇಲೂ ಮಗುವಿನ ಜ್ವರಕ್ಕೆ ಖಾಸಗಿ ಕ್ಲಿನಿಕ್‌ನಲ್ಲಿ ಸಾಲ ಮಾಡುವ ಮುನ್ನ ಇಎಸ್ಐ ಔಷಧಾಲಯದಲ್ಲಿ ಕಾರ್ಡ್ ತೋರಿಸಿ ಕೇಳಿ.